ಬಣವಿ ಹಿಂದಿನ ಆಟ

ಬ್ಯಾಡ್ರೀ ಸಾಹೇಬ್ರ, ಚಹಾ ಬ್ಯಾಡ. ಕುಂತು ಚಹಾ ಕುಡಿಯಾಕ ಬಂದಿಲ್ಲ ನಾ. ನಿಮ್ಮನ್ನ ಕಮಲಾಪುರಕ್ಕ ಕರಕೊಂಡು ಹೋಗಾಕ ಬಂದೀನಿ ಅಂತ ಎರಡು ಸಲ ಹೇಳಿದೆ, ನೀವು ನೋಡಿದ್ರ ಸೂಜಿಗೆ ದಾರ ಪೋಣಸಾಕತ್ತೀರಿ. ಕೊಡ್ರಿ ಇಲ್ಲಿ, ಎಡಗೈಲೆ ಹೆಂಗ ಆಗ್ತದ... ಆತಾ? ಆತು ಬಿಡ್ರಿ. ಊರಿಗೆಲ್ಲಾ ಅಕ್ಷರ ಕಲಿಸಿದ ಸಿಕಂದರ್ ಮಾಸ್ತರು ಸ್ಟೇಶನ್ ಬಜಾರದಾಗ ಕುಂತು ಮಂದಿ ವಹಿ ಹೊಲದು ಜಿಲ್ದು ಕಟ್ಟೋದು, ಅಲ್ಲಿ ಅವರ ಸಾಲಿಗೆ ಮರೆಪ್ಪ ಮಾಸ್ತರ ಆಗೋದು...

ಯಾಕ ನಗತೀರಿ? ನಾನೇರೀ. ನಾಕನೇ ಜಮಾತಿನ್ಯಾಗ ಎರಡು ಸಲ ನಪಾಸ್ ಆದ ಮರೆಪ್ಪ. ನಿಮ್ಮ ಖುರ್ಚಿಗೆ ಹರಳೆಣ್ಣಿ ಹಚ್ಚಿದವ.

ನಾ ಬೇಡಿಕೊಂಡು ಆಗಿಲ್ಲ. ಪೊಲೀಸ್ ಆಕ್ಷನ್ ಆದ ವಾರಕ್ಕ ಹೊರಗಿನ ಮಂದಿ ಕಟಗಿ ಹಿಡಕೊಂಡು ಬಂದು ನಿಮ್ಮ ಕೈ ಮುರದ್ರು, ನೀವು ಊರು ಬಿಟ್ರಿ. ಸರಕಾರ ಬದಲಾತು, ಸಾಲಿಗೆ ಬಿದ್ದ ಕೀಲಿ ತೆಗೀಲಿಲ್ಲ. ಹೊಸ ಮಾಸ್ತರ ಇವತ್ತು ಬರ್ತಾನ, ನಾಳಿಗಿ ಬರ್ತಾನ... ಕಡೀಕ ಅಣವೀರಪ್ಪ ಗೌಡ್ರು ನನ್ನ ಅಂಗಿ ಕೊಳ್ಳಪಟ್ಟಿ ಹಿಡದು ಎಳಕೊಂಡು ಹೋಗಿ ಕುಂಡ್ರಿಸಿದ್ರು. 'ಓದಾಕ ಬರತದ, ಮಾಡಾಕ ಕೆಲಸಿಲ್ಲ. ಹಂತಾ ಮನಷ್ಯಾ ಊರಾಗ ನೀ ಒಬ್ಬನ ಇದ್ದಿ' ಅಂದ್ರು.

ಏನ್ ಅಷ್ಟು ದೊಡ್ಡ ಕೆಲಸ ಅಂತ ನಾನೂ ಕುಂತೆ. ಇಪ್ಪತ್ತೆರಡು ಹುಡುಗರು. ಉರ್ದು ಬರದು ಬರದು ಕೈಗೆ ಬಲಗಡಿಂದ ಬರಿಯೋ ಚಟ ನೋಡ್ರಿ, ಕನ್ನಡನೂ ಬಲಗಡಿಂದ ಬರದೆ. ಇಪ್ಪತ್ತೆರಡೂ ಹಂಗೇ ಬರದ್ವು. ಎಂಟು ದಿನ. ಗೌಡ್ರ ಮನಿ ನೀಲಗಂಗಮ್ಮ ಪಾಟಿ ನೋಡಿ, 'ಕನ್ನಡಿ ಹಿಡದು ಓದಬೇಕೇನೋ ಇದನ್ನ' ಅಂದಳು. ಹೂಂ, ನಗ್ರಿ, ನಾನೂ ನಕ್ಕೆ. ನಾ ಕೆಮ್ಮಿದ್ರ ಕೆಮ್ಮತಾವ. ನಾ ತಲಿ ಕೆರಕೊಂಡ್ರ ಇಪ್ಪತ್ತೆರಡು ಕೈ ತಲಿಗೆ ಹೋಗ್ತಾವ. ಮಗ್ಗಿ ಹೇಳ್ರೋ ಅಂದ್ರ ಒಂದೂ ಬಾಯಿ ತೆರಿಯಂಗಿಲ್ಲ. ಹೇಳಿದ್ದು ಏನೂ ಕಲಿಯಂಗಿಲ್ಲ ಸಾಹೇಬ್ರ, ಮಾಡಿದ್ದು ಅಷ್ಟೂ ಕಲೀತಾವ. ನಿಮಗ ಮೊದಲೇ ಗೊತ್ತಿತ್ತೇನು? ಅದಕ್ಕ ಏನು ನೀವು ಸಾಲಿ ಬರೂಕಿಂತ ಮೊದಲ ಹೊಲದ ಬದುವಿನ್ಯಾಗ ಬೀಡಿ ಒಗದು ಬರ್ತಿದ್ರಿ?

ಇರ್ಲಿ. ನಾ ಬಂದಿದ್ದು ಅದಕ್ಕಲ್ಲ. ಒಂದು ಆಟ ಹೂಡ್ಯಾರ ಹುಡುಗರು... ಕೇಳ್ರಿ, ಸೂಜಿ ಕೆಳಗಿಡ್ರಿ ಒಂದಿಷ್ಟು.

ದತ್ತಪ್ಪನ ಮಗ ಅದಾನಲ್ಲ, ಆರು ವರ್ಷದವ. ಅವ್ವನ ಕೆಂಪು ಸೀರಿ ತುಂಡು ನಿಮ್ಮ ಟೋಪಿ ಹಂಗ ತಲಿಗೆ ಸುತಗೊಂಡು ಸಾಹೇಬ ಆಗ್ತಾನ. ಅವತ್ತು ನೀವು ಅಡಗಿದಂಗ ಹೋಗಿ ಜ್ವಾಳದ ಕಣಕಿ ಬಣವಿ ಹಿಂದ ಅಡಗ್ತಾನ. ಉಳದವರು ಕಟಗಿ ಹಿಡದು ಬರ್ತಾರ. ಸಿಕ್ಕ ಮ್ಯಾಲ ಅವನ ಬಲಗೈ ಹಿಡದು... ಖರೇನ ಮುರಿಯಂಗಿಲ್ಲರೀ, ಸುಮ್ಮ ತಿರುವಿದಂಗ ಮಾಡ್ತಾರ. ಅವನೂ ಸುಮ್ಮ ಚೀರತಾನ. ನಾ ಬೈದೆ. ಸಾಲಿ ಹಿಂದ ಹೋಗಿ ಆಡಿದ್ರು. ಹೊಡದೆ. ಕಟಗಿ ಹೆಂಗ ಬೀಸಬೇಕು ಅನ್ನೂದು ಕಲತ್ರು.

ಅದಕ್ಕ ನೀವು ಬರಬೇಕು. ಸಾಹೇಬ ಖುದ್ದ ಕಣ್ಣ ಮುಂದ ಕುಂತ್ರ ಯಾವ ಹುಡುಗ ಸಾಹೇಬನ ಆಟ ಆಡ್ತಾನ? ಗೌಡ್ರು ಬಂಡಿ ಕೊಟ್ಟಾರ, ಹೊರಗ ನಿಂತದ. ಕೈ ಹಿಂಗಿದ್ರೂ ನಡೀತದ. ನೀವು ಬಾಯಿಲೆ ಹೇಳ್ರಿ, ನಾ ಬರೀತೇನಿ, ಎಡಗಡಿಂದ.

ಏನ್ ನೋಡಾಕತ್ತೀರಿ? ಎಲ್ಲಾ ಹೇಳೀನಿ. ಸಣ್ಣ ಬಣವಿರೀ ಅದು, ಹುಡುಕಿದ್ರ ಸಿಕ್ಕೇ ಸಿಗ್ತಾನ, ಯಾರೂ ತೋರಸೂದು ಬ್ಯಾಡ...

ಖರೆ. ಯಾರು ತೋರಸ್ತಾರ ಅಂತ ನೀವು ಕೇಳಲೇ ಇಲ್ಲ.

ಬಂಡೆಮ್ಮ ಅಂತ ಒಂದು ಹುಡುಗಿ. ಮುಂದಿನ ಎರಡು ಹಲ್ಲು ಬಿದ್ದಾವ. ಆಕಿ ಕಟಗಿ ಹಿಡಿಯಂಗಿಲ್ಲ. ಮೋಟು ಗ್ವಾಡಿ ಮ್ಯಾಲ ಕಾಲು ಇಳಿಬಿಟ್ಟು ಕುಂತಿರ್ತಾಳ. ಅವರು ಬಂದ ಕೂಡಲೇ ಬಣವಿ ಕಡಿ ಬಟ್ಟು ಮಾಡಿ ತೋರಸ್ತಾಳ, ಬಾಯಿಗೆ ಕೈ ಹಚಗೊಂಡು ಕಿಸಕ್ಕನ ನಗ್ತಾಳ. 'ನೀ ಯಾರ ಆಗೀಯವ್ವ ಇದರಾಗ' ಅಂತ ಕೇಳಿದೆ. ನನ್ನ ಮಾರಿ ನೋಡಿದಳು. 'ಸರಿ ಮಾಡೀನಿಲ್ಲರೀ ಮಾಸ್ತರ? ನೀವು ಇನ್ನೂ ಜೋರ ನಕ್ಕಿದ್ರೇನು?' ಅಂದಳು.

ಆಕಿ ಅವತ್ತು ಎಲ್ಲಿ ನಿಂತಿದ್ದಳೋ, ನಾ ನೋಡಿಲ್ಲ... ಟೋಪಿ ಹಾರಸ್ತಾರ, ಎರಡು ಸುತ್ತು ಓಡಸ್ತಾರ, ಎಲ್ಲಾರೂ ನಗ್ತೀವಿ, ಮುಗೀತದ ಅಂತ ತಿಳದಿದ್ದೆ ಸಾಹೇಬ್ರ. ಕಟಗಿ ಕಂಡಿದ್ವು. ಕಂಡೂ ಬಟ್ಟು ಮಾಡಿ ತೋರಸಿದೆ, ನಕ್ಕೆ.

ಕಣಕಿ ಸಂದಿನ್ಯಾಗಿಂದ ನಿಮಗ ನಾ ಕಂಡಿದ್ದೆ, ಹೌದಲ್ಲ? ಹೌದು ಅನ್ರಿ. ಇಲ್ಲ ಅಂತಾದ್ರೂ ಅನ್ರಿ. ಆರು ತಿಂಗಳಾತು, ಗೌಡ್ರಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ನಾ ಬಂದ ಕೂಡಲೇ ಚಹಾ ತರಸ್ತೀನಿ ಅಂದ್ರಿ.

ಮಾತಾಡ್ರಿ ಸಾಹೇಬ್ರ. ಮುಂಜಾನಿ ಸಾಲಿ ಬಾಗಲಾ ತೆರಿಬೇಕು ನಾ. ಸರಿ ಮಾಡಿದ್ನೇನ್ರಿ ಅಂತ ಆ ಹುಡುಗಿ ಮತ್ತ ಕೇಳ್ತಾಳ. ಏನಂತ ಹೇಳಲಿ ಆಕಿಗೆ?