ವಿಳಾಸ ತಿಳಿಯದ ಪ್ರತಿವಾದಿ

ಸ್ಪ್ಲಿಟ್ ಬಂದರಿನಲ್ಲಿ ದ್ವೀಪದ ಹಡಗಿಗೆ ಕಾಯುತ್ತಿದ್ದ ಲೊವ್ರೆಯ ಕಿವಿ ನಿಮಿರಿತು. ಸಾಲಿನಲ್ಲಿ ಅವನ ಮುಂದೆಯೇ ವಿಂಕಾ ಮುದುಕಿ ತನ್ನ ನೆರೆಯ ಪೆರಿನಾಗೆ ಏನೋ ಹೇಳುತ್ತಿದ್ದಳು.

"ಪೆರಿನಕ್ಕಾ, ಕೋರ್ಟಿನ ಬೋರ್ಡಲ್ಲಿ ನಿನ್ನ ಹೆಸರು ನೋಡ್ದೆ. ನಿನ್ನ ಆಲಿವ್ ತೋಟದ ಕೇಸು. ಸೋಮವಾರ ವಿಚಾರಣೆಯಂತೆ."

"ನಂಗೆ ನೋಟೀಸೇ ಬಂದಿಲ್ವಲ್ಲೇ!"

"ಎಲ್ಲಿಂದ ಬರುತ್ತೆ? ಪ್ರತಿವಾದಿ ಎಲ್ಲಿದ್ದಾಳೋ ಗೊತ್ತಿಲ್ಲ ಅಂತ ಬರೆಸಿದಾನೆ. ಅದಕ್ಕೇ ಬೋರ್ಡಿಗೆ ಅಂಟಿಸಿರೋದು."

"ಯಾವನೇ ಅವನು?"

"ನಿನ್ನ ತಂಗಿ ಮಗ, ಶಿಮೆ."

"ಶಿಮೆನಾ? ಪ್ರತಿ ಭಾನುವಾರ ನಮ್ಮನೇಲೇ ಉಣ್ತಾನಲ್ಲೇ!"

"ಈ ಭಾನುವಾರ ಬಾಗಿಲು ಹಾಕ್ಕೋ."

ಹಡಗಿನ ಬಾಗಿಲು ತೆರೆಯಿತು. ಲೊವ್ರೆ ಇನ್ನೊಂದು ಹೆಜ್ಜೆ ಹತ್ತಿರ ಸರಿದ. ಪೆರಿನಾ ಚೀಲ ಎತ್ತಿಕೊಂಡು ಹೊರಟಳು.

"ಯಾಕೆ ಹಾಕ್ಲಿ? ಅವನಿಗಿಷ್ಟ ಅಂತ ಆಕ್ಟೋಪಸ್ಸೇ ಬೇಯಿಸ್ತೀನಿ. ಬಡಿಸಿ, ಎದುರಿಗೇ ಕೂತು ಕೇಳ್ತೀನಿ: ಮಗಾ, ನಮ್ಮನೆ ದಾರಿ ನಿಂಗೆ ಯಾರು ತೋರಿಸಿದ್ರು ಅಂತ."