ಎತ್ತಿಕೊಡದ ಮಾತು

…ಇಲ್ಲ ಕಣೇ, ಇನ್ನೆಷ್ಟು ಸಲ ಹೇಳಲಿ? ಬಲ್ಬು ಹೋಯ್ತು. ನಿನ್ನೆ ರಾತ್ರಿ, ಮೂರನೇ ಅಂಕ, ನೀನು ಸಿಂಹಾಸನದ ಪಕ್ಕ ನಿಂತಿದ್ದೀಯ, ಮಂತ್ರಿ ಬಂದು ಕಿರೀಟ ಕೇಳಿದ, ಪುಕ್ ಅಂತ ನನ್ನ ಬಲ್ಬು ಹೋಯ್ತು. ಪರದೆ ಪಕ್ಕ ಗವ್ವನೆ ಕತ್ತಲು. ಪುಸ್ತಕವೇನೋ ತೊಡೆ ಮೇಲಿತ್ತು, ಅಕ್ಷರ ಕಾಣ್ಬೇಡ್ವಾ? ನಿನಗೆ ಮಾತು ಎತ್ತಿಕೊಡೋದೇ ನನ್ನ ಕೆಲಸ, ಒಪ್ಪಿದೆ. ಆದ್ರೆ ಕುರುಡಿ ಏನನ್ನ ಎತ್ತಿಕೊಡ್ಲಿ?

ಒಳಗೆ ಬಾ. ಈ ಗ್ರೀನ್ ರೂಮಿಗೆ ಗಾಳಿ ಬರೋದೇ ಆ ಬಾಗಿಲಿಂದ, ಅಡ್ಡ ನಿಲ್ಬೇಡ. ಆ ಸ್ಟೂಲು ಬೇಡ, ಕಾಲು ಮುರಿದಿದೆ. ಕನ್ನಡಿ ಮುಂದೆ ನಿನ್ನ ಕುರ್ಚೀಲೇ ಕೂರು. ಸಂಜೆ ತನಕ ಅದು ನಿಂದೇ ತಾನೆ.

ಯಾಕೆ, ಮುಖ ಹಾಗಾಯ್ತು? ಕಂಪನಿ ಯಜಮಾನ್ರು ನಿಂಗಿನ್ನೂ ಹೇಳಿಲ್ವಾ? ಅಯ್ಯೋ ಶಿವನೇ, ನನ್ನ ಬಾಯಿಂದ್ಲೇ ಬರ್ಬೇಕಿತ್ತಾ. ಇವತ್ತಿನ ಆಟಕ್ಕೆ ರಾಣಿ ನಿನ್ನ ತಂಗಿ. ನೀನು ಬೀಸಣಿಗೆ ಹಿಡಿಯೋ ದಾಸಿ. ಮಾತಿಲ್ಲ, ಮರೆತುಹೋಗೋ ಭಯಾನೂ ಇಲ್ಲ. ಈ ರವಿಕೆ ನೋಡು, ಬೆಳಗ್ಗೆಯಿಂದ ಇದರ ಹೊಲಿಗೆ ಬಿಚ್ತಾ ಕೂತಿದ್ದೀನಿ. ಸೊಂಟದ ಹತ್ರ ಎರಡು ಬೆರಳು ಒಳಗೆ ತಗೋಬೇಕು. ನಿನ್ನ ತಂಗಿ ಬಳುಕೋ ಬಳ್ಳಿ. ನೀನೂ ಹಾಗೇ ಇದ್ದೆ, ಈ ರವಿಕೆ ಹೊಸದಾಗಿದ್ದಾಗ. ಕಿರೀಟ ಮಾತ್ರ ಅವಳಿಗೆ ದೊಡ್ಡದು, ಹತ್ತಿ ತುಂಬಿ ಕೂರಿಸ್ತೀನಿ. ತಲೆ ದೊಡ್ಡದಾಗೋಕೆ ಎಷ್ಟು ಹೊತ್ತು, ಎರಡು ಚಪ್ಪಾಳೆ ಬಿದ್ರೆ ಸಾಕು.

ಅಳ್ತೀಯೇನೋ ಅಂದ್ಕೊಂಡೆ. ಇಲ್ಲ. ಸರಿ.

ನಾನು ನಿನ್ನ ಪರವಾಗೇ ಮಾತಾಡ್ದೆ, ನಂಬಿದ್ರೆ ನಂಬು. 'ಬಲ್ಬು ಹೋಗಿತ್ತು ಸಾರ್, ಅವಳ ತಪ್ಪಲ್ಲ' ಅಂದೆ. ಅವರೇನಂದ್ರು ಗೊತ್ತಾ? 'ಬಲ್ಬು ಇಲ್ದಿದ್ರೆ ಬಾಯೇ ಬರಲ್ಲ ಅನ್ನೋದಾದ್ರೆ ನಮ್ಮ ರಾಣಿ ಅವಳಲ್ಲ ಕಣಮ್ಮ, ಬಲ್ಬು.' ನಗು ಬಂತು ನಂಗೆ, ತಡ್ಕೊಂಡೆ. ಮಂತ್ರಿಗೆ ನೀನು ಉತ್ತರ ಕೊಡೋ ಆ ಸಾಲು ನಿನ್ನ ತಲೇಲಿ ಯಾವತ್ತೂ ನಿಂತಿಲ್ಲ ಅನ್ನೋದನ್ನ ಮಾತ್ರ ಹೇಳ್ಲಿಲ್ಲಪ್ಪ. ಅದು ನಮ್ಮಿಬ್ಬರ ಗುಟ್ಟು. ಪ್ರತಿ ಆಟದಲ್ಲೂ ಅಲ್ಲಿಗೆ ಬಂದ ತಕ್ಷಣ ನಿನ್ನ ಎಡಗಿವಿ ನನ್ನ ಕಡೆ ತಿರುಗುತ್ತೆ, ಜುಮುಕಿ ಒಂದ್ಸಲ ಅಲ್ಲಾಡುತ್ತೆ, ನಾನು ಮೊದಲ ಪದ ಬಿಡ್ತೀನಿ, ಮಿಕ್ಕಿದ್ದು ನೀನು ಗುಡುಗ್ತೀಯ. ಆ ತಡವರಿಕೆಗೆ ಪೇಪರಿನವನೊಬ್ಬ 'ಅರ್ಥಗರ್ಭಿತ ಮೌನ' ಅಂತ ಬರೆದಿದ್ದ, ನೆನಪಿದ್ಯಾ? ನೀನು ಅದನ್ನ ಕತ್ತರಿಸಿ ಇದೇ ಕನ್ನಡಿಗೆ ಅಂಟಿಸಿದ್ದೆ. ಅರ್ಥ ನಿಂದು, ಗರ್ಭ ನಂದು.

ನಂಗಾ? ಬಾಯಿಪಾಠವಾ? ಚೆನ್ನಾಗಿ ಕೇಳ್ದೆ ಕಣ್ಣಲ್ಲೇ. ನನ್ನ ತಲೇಲಿ ಒಂದಕ್ಷರ ನಿಲ್ಲಲ್ಲ ಕಣೇ. ನಾನು ನಲ್ಲಿ ಇದ್ದ ಹಾಗೆ. ನೀರು ಹರಿದುಹೋಗುತ್ತೆ, ನಲ್ಲಿಗೇನು ಉಳಿಯುತ್ತೆ? ಪುಸ್ತಕ ತೆಗೆದ್ರೆ ಉಂಟು, ಮುಚ್ಚಿದ್ರೆ ಇಲ್ಲ. ಆ ಪುಸ್ತಕಾನೂ ಈಗ ನನ್ನ ಹತ್ರ ಇಲ್ಲ, ನಿನ್ನ ತಂಗಿ ಉರು ಹೊಡೆಯೋಕೆ ತಗೊಂಡು ಹೋದ್ಲು.

ಬೆರಳಾ? ಏನಿಲ್ಲ, ಟೀ ಪಾತ್ರೆ ಬರಿಗೈಲಿ ಇಳಿಸಿದೆ, ಸುಟ್ಟುಕೊಂಡೆ. ಮುಲಾಮು ಹಚ್ಚಿದ್ದೀನಿ. ಅದಕ್ಕೇ ದಾರ ಪೋಣಿಸೋಕೇ ಆಗ್ತಿಲ್ಲ. ತಗೋ, ನೀನೇ ಪೋಣಿಸಿ ಕೊಡು… ಕೊಟ್ಟೇಬಿಟ್ಯಲ್ಲ. ನಿನ್ನ ರವಿಕೆ ಕಿರಿದು ಮಾಡೋ ಸೂಜಿಗೆ ನಿನ್ನ ಕೈಯಲ್ಲೇ ದಾರ.

ಏನಾದ್ರೂ ಮಾತಾಡು. ನೀನು ಸುಮ್ನಿದ್ರೆ ಬಾಯಿ ತುಂಬಿಸೋದು ನನ್ನ ಹಣೆಬರಹ, ನಿಂಗೆ ಗೊತ್ತಲ್ಲ.

ಮೊನ್ನೆ ಊಟಕ್ಕೆ ಆ ಪ್ರೊಫೆಸರ್ ಬಂದಿದ್ರಲ್ಲ. ಮನುಷ್ಯನಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರೋದು ಅಧಿಕಾರವೇನಾ, ಅದು ಹುಟ್ಟುಗುಣವೇನಾ ಅಂತ ಕೇಳಿದ್ರು. ಮಂತ್ರಿ ಪಾತ್ರದವನು 'ನಿದ್ದೆ ಸಾರ್' ಅಂದ. ಯಜಮಾನ್ರು ಯಥಾಪ್ರಕಾರ ದುಡ್ಡು ಅಂದ್ರು. ನೀನು ಎದ್ದು ನಿಂತು, ಸೆರಗು ಸರಿಮಾಡ್ಕೊಂಡು… 'ಎಲ್ಲರಿಗೂ ಅಧಿಕಾರವೇ ಬೇಕು ಸಾರ್, ನಂಗಂತೂ ಬೇಕು. ನಮ್ಮ ಪಿಸಕ್ಕ ಒಬ್ಬಳನ್ನ ಬಿಟ್ಟು. ಪಾಪ, ಅವಳಿಗೆ ಪರದೆ ಪಕ್ಕ ಒಂದು ಮೊಳ ಕತ್ತಲು ಕೊಟ್ರೆ ಸಾಕು, ದೇವರಂಥೋಳು.' ಪಿಸಪಿಸ ಅನ್ನೋಳು ಪಿಸಕ್ಕ, ಆ ಹೆಸರಿಟ್ಟಿದ್ದೂ ನೀನೇ. ಎಲ್ಲರೂ ತಿರುಗಿ ನನ್ನ ನೋಡಿದ್ರು. ಬಾಯಲ್ಲಿ ತುತ್ತಿತ್ತು, ನುಂಗೋದಾ ಉಗಿಯೋದಾ ತಿಳೀಲಿಲ್ಲ. ಚಪ್ಪಾಳೆ ಬೇರೆ ತಟ್ಟಿದ್ರು. ಇಷ್ಟು ವರ್ಷದಲ್ಲಿ ನನಗೆ ಅಂತ ಬಿದ್ದ ಚಪ್ಪಾಳೆ ಅದೊಂದೇ.

ಬೇಜಾರಾ? ನಂಗ್ಯಾಕೆ ಬೇಜಾರು. ಹೊಗಳಿದ್ದಲ್ವಾ ನೀನು.

ಆದ್ರೆ ನಿನ್ನ ಲೆಕ್ಕ ತಪ್ಪು ಕಣೇ. ಎಷ್ಟು ಊರು ತಿರುಗಿದ್ದೀವಿ, ಎಷ್ಟು ಗಡಿ ದಾಟಿದ್ದೀವಿ. ಯಾವ ರಂಗಮಂದಿರಕ್ಕೆ ಹೋದ್ರೂ ಕಕ್ಕಸಿನ ಬೀಗದ ಕೈ ಇಟ್ಕೊಂಡ ಒಬ್ಬ ಇರ್ತಾನೆ. ಭಾಷೆ ಬೇರೆ, ಬಣ್ಣ ಬೇರೆ, ಆ ಮುಖ ಮಾತ್ರ ಎಲ್ಲ ಕಡೆ ಒಂದೇ. ಕಿರೀಟ ಇಟ್ಕೊಂಡೇ ನೀನು ಹೋಗಿ ಕೇಳ್ತೀಯ. ಅವನು ಮೇಲಿನ ಜೇಬು ತಡಕ್ತಾನೆ, ಕೆಳಗಿನ ಜೇಬು ತಡಕ್ತಾನೆ, ಬೀಗದ ಕೈ ಅವನ ಬೆರಳಲ್ಲೇ ನೇತಾಡ್ತಿರುತ್ತೆ. ಅಷ್ಟು ಹೊತ್ತು ರಾಣಿ ಒಂಟಿಕಾಲಲ್ಲಿ. ಅವನಿಗೆ ಕಾಸು ಬೇಡ, ನಿನ್ನ ರೂಪ ಬೇಡ, ನೀನು ಕಾಲು ಬದಲಾಯಿಸೋದನ್ನ ನೋಡ್ಬೇಕು, ಅಷ್ಟೆ. ಎಲ್ಲರಿಗೂ ರಾಜ್ಯವೇ ಬೇಕಾಗಿಲ್ಲ. ಕೆಲವರಿಗೆ ಒಂದು ಚಿಲಕ ಸಾಕು.

ಯಾಕೆ ನಗ್ತೀಯ? ನಕ್ಕೆ ನೀನು, ಕನ್ನಡೀಲಿ ನೋಡ್ದೆ.

ನಿನ್ನೆ ನಗು ಎಲ್ಲಿ ಹೋಗಿತ್ತು ಹಾಗಾದ್ರೆ? ಜುಮುಕಿ ಅಲ್ಲಾಡ್ತು. ಮತ್ತೆ ಅಲ್ಲಾಡ್ತು. ಆಮೇಲೆ ನೀನು ಪೂರ್ತಿ ನನ್ನ ಕಡೆ ತಿರುಗಿಬಿಟ್ಟೆ. ಮೈಮೇಲೆ ಜರಿ ಸೀರೆ, ತಲೇಲಿ ಕಿರೀಟ, ಕಣ್ಣು ಮಾತ್ರ ತಟ್ಟೆ ಹಿಡಿದು ನಿಂತವಳದು. ಹಿಂದಿನ ಸಾಲಲ್ಲಿ ಒಬ್ಬ ಕೆಮ್ಮಿದ. ಒಂದು ಮಗು ಕಿಲಕಿಲ ಅಂತು. ಆಮೇಲೆ ಸೀಟಿ ಶುರುವಾಯ್ತು. ಅಷ್ಟು ದೊಡ್ಡ ಹಾಲ್, ಅಷ್ಟು ಜನ, ಎಲ್ಲರ ಉಸಿರೂ ನನ್ನ ತುಟಿಗೆ… ನಿನ್ನ ತುಟಿಗೆ ನೇತುಬಿದ್ದಿತ್ತು. ನಿನ್ನ ತುಟಿ ಅಂದೆ.

ಹಾಗೆ ನೋಡ್ಬೇಡ. ಕೇಳೋದಿದ್ರೆ ಬಾಯಿಬಿಟ್ಟು ಕೇಳು. 'ಅಕ್ಕ, ಯಜಮಾನ್ರಿಗೆ ಹೇಳು, ರಾಣಿ ಪಾತ್ರ ನನಗೇ ಕೊಡಿಸು' ಅನ್ನು. ಹೇಳ್ತೀನೋ ಬಿಡ್ತೀನೋ, ನೀನು ಕೇಳು ಮೊದ್ಲು. ಅವರು ಈಗ ಬರ್ತಾರೆ, ರವಿಕೆ ಆಯ್ತಾ ಅಂತ ನೋಡೋಕೆ. ಒಂದು ಮಾತು ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?… ಕೇಳಲ್ವಾ?

ಎದ್ಯಾ? ಹೊರಟ್ಯಾ?… ಕುರ್ಚಿ ಯಾಕೆ ಎಳೀತೀಯ? ಓ. ಬಲಗೈ ಕುರ್ಚಿ ಬೆನ್ನ ಮೇಲೆ, ಗಲ್ಲ ಮೇಲಕ್ಕೆ. ಮೂರನೇ ಅಂಕವಾ? ಯಾರಿಗೆ, ಈ ಹರಿದ ಬಟ್ಟೆಗಳಿಗಾ? ಸರಿ, ಆಡಮ್ಮ, ಟಿಕೆಟ್ಟಿಲ್ದೆ ನೋಡ್ತೀನಿ. ಮಂತ್ರಿ ಕಿರೀಟ ಕೇಳಿ ಆಯ್ತು. ಮುಂದೆ?

…ಮುಂದೆ?

ಜುಮುಕಿ ಹಾಕಿಲ್ಲ ನೀನಿವತ್ತು. ಆದ್ರೂ ಆ ಕಿವಿ… ತಿರುಗಿಸ್ಬೇಡ ಈ ಕಡೆ. ಪುಸ್ತಕ ಇಲ್ಲ ಅಂದೆನಲ್ಲ. ಏನಾದ್ರೂ ಹೇಳಿಬಿಡು, ಬಾಯಿಗೆ ಬಂದಿದ್ದು ಹೇಳು. ಹೀಗೆ ಖಾಲಿ ಬಿಟ್ಟು ನಿಲ್ಬೇಡ ಕಣೇ, ನಿನ್ನೆ ರಾತ್ರಿಯಿಂದ ಆ ಸಾಲು ನನ್ನ ನಾಲಿಗೆ ತುದೀಲೇ ಮುಳ್ಳಿನ ಹಾಗೆ… ನಿಲ್ಬೇಡ ಅಂದ್ರೆ…

'ಸಿಂಹಾಸನ ನನಗೆ ಬೇಡ, ಮಂತ್ರಿಗಳೇ. ಆದರೆ ಅದರ ಮೇಲೆ ಇನ್ನೊಬ್ಬಳು ಕೂರುವುದನ್ನು ನೋಡುವ ಕಣ್ಣೂ ನನಗಿಲ್ಲ. ದೀಪ ಆರಿಸಿ.'

…

ನನ್ನ ಬಾಯಿಂದ್ಲೇ ಬಂದ್ಬಿಡ್ತು, ಪುಸ್ತಕ ಇಲ್ದೇನೇ. ಈಗಲಾದ್ರೂ ಏನಾದ್ರೂ ಅನ್ನು. ಬೈಯಿ. ಉಗಿ. ಯಾಕೆ ಸುಮ್ನೆ ಹತ್ರ ಬರ್ತೀಯ? ಕೈ ಬಿಡು. ಮುಲಾಮು ಒರೆಸ್ಬೇಡ, ಉರಿಯುತ್ತೆ. ಟೀ ಪಾತ್ರೆ ಅಂದೆನಲ್ಲೇ… ಬರೀ ಬೆರಳ ತುದಿ ಸುಟ್ರೆ ಏನಾಯ್ತು, ಪಾತ್ರೇನ ಹೀಗೂ ಹಿಡೀತಾರೆ. ಬಿಡು. ಉರಿಯೋ ಬಲ್ಬು ಬಿಚ್ಚೋ ಹಾಗೆ ನನ್ನ ಬೆರಳು ತಿರುಗಿಸ್ಬೇಡ ಕಣೇ… ತಿರುಗಿಸ್ಬೇಡ…