ವೀಳ್ಯದೆಲೆ ಹಾಕಿ ಕಾಸಿದ್ದು

ಅವರೆಕಾಯಿಯ ಕಾಲ. ರಾಜಾನುಕುಂಟೆಯಲ್ಲಿ ಯಶವಂತಪುರದ ಬಸ್ಸಿನ ಮೇಲೆ ಮೂಟೆಗಳನ್ನು ಏರಿಸುತ್ತಿದ್ದರು. ನನ್ನ ಮುಂದೆ ನಮ್ಮೂರ ಪಿಳ್ಳಮ್ಮ ಬಾಯಿಗೆ ಬಟ್ಟೆ ಕಟ್ಟಿದ ತಂಬಿಗೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳನ್ನು ಬಸ್ಸು ಹತ್ತಿಸಲು ನೆರೆಮನೆಯ ಮುನಕ್ಕ ಬಂದಿದ್ದಳು.

“ಏನೇ ಅದು?” ಎಂದಳು ಮುನಕ್ಕ.

“ತುಪ್ಪ ಕಣಕ್ಕ. ಬಸುರಿ ಬಯಕೆ. ನಮ್ಮನೆ ತುಪ್ಪಾನೇ ಬೇಕು ಅಂತ ಮಗಳು ಏಳ್ ಕಳ್ಸವ್ಳೆ.”

“ಅಸ ಮಾರಿ ಮೂರ್ ತಿಂಗ್ಳಾಯ್ತಲ್ಲೇ!”

“ಅವ್ಳಿಗ್ ಗೊತ್ತಿಲ್ಲ. ಅಂಗ್ಡಿ ವನಸ್ಪತಿ ತಂದು, ವೀಳ್ಯದೆಲೆ ಆಕಿ ಕಾಸ್ದೆ. ಮೂಸ್ ನೋಡು.”

ಮುನಕ್ಕ ಬಟ್ಟೆ ಸಡಿಲಿಸಿ ಮೂಸಿದಳು.

“ಥೇಟ್ ನಿಮ್ಮತ್ತೆ ಕಾಸ್ದಂಗೈತೆ, ಕಳ್ಳಿ! ಆದ್ರೆ ವನಸ್ಪತಿ ತಿಂದ್ರೆ ಕಣ್ಣೋಯ್ತದೆ ಅಂತಾರಲ್ಲೇ. ಒಟ್ಟೇಲಿ ಮಗು ಬೇರೆ.”

“ದಿಟವಾ ಅಕ್ಕ?”

“ನಂಗೇನ್ ಗೊತ್ತು? ಆಸ್ಪತ್ರೆ ಕಾಂಪೌಂಡ್ರು ಅಂದ್ರು. ಸುಳ್ಳೂ ಇರ್ಬೋದು.”

ಕಂಡಕ್ಟರ್ ಕೂಗಿದ. ಪಿಳ್ಳಮ್ಮ ಬಟ್ಟೆಯನ್ನು ಮತ್ತೆ ಬಿಗಿಯಾಗಿ ಕಟ್ಟಿದಳು.

“ಇಲ್ಲೇ ಬಿಟ್ಟೋಗೇ, ನಾನ್ ಎತ್ತಿಡ್ತೀನಿ.”

“ಬ್ಯಾಡಕ್ಕ. ಅಸ ಮಾರಿದ್ದು ಏಳ್ಬುಡ್ತೀನಿ. ತಿನ್ನಾಕ್ ಕೊಡಲ್ಲ. ಒಂದ್ ಸಲ ಮೂಸ್ಲಿ. ನಮ್ಮನೆ ಒಲೆ ಮುಂದೆ ಕುಂತಂಗಾದ್ರೆ ಸಾಕು. ಆಮೇಲೆ ದೀಪಕ್ಕಾಕ್ತೀವಿ,” ಎಂದು ಪಿಳ್ಳಮ್ಮ ಮೆಟ್ಟಿಲು ಹತ್ತಿದಳು.